ರೈಲು ಹೊರಟಿತೋ, ನಾವು ಹೊರಟೆವೋ: ಚಲನೆಯನ್ನು ಮೆದುಳು ಕಾಣುವ ಬಗೆ

(ನವಿ ಮುಂಬಯಿಯ ಮಹಾಪೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ತಂದೆಯ ನೆನಪಿಗೆ ದತ್ತಿ ಇಟ್ಟ ಮಕ್ಕಳು ಹಾಕಿದ ಷರತ್ತು ಒಂದೇ: ಉಪನ್ಯಾಸ ವಿಜ್ಞಾನದ್ದಾಗಿರಬೇಕು, ಕನ್ನಡದಲ್ಲಿರಬೇಕು. ಅವರ ತಂದೆ ಇಲ್ಲಿನ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಟರ್ನರ್ ಆಗಿ ದುಡಿದವರು. ನಾನೂ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಲು ಸೇರುವ ಮೊದಲು ಎರಡು ವರ್ಷ ಇದೇ ಥಾಣೆ-ಬೇಲಾಪುರ ರಸ್ತೆಯ ಆಸುಪಾಸಿನ ವರ್ಕ್‌ಶಾಪೊಂದರಲ್ಲಿ ಲೇತ್ ಮುಂದೆ ನಿಂತವನು. ಲೇತಿನ ಮುಂದೆ ನಿಂತಾಗ ಹುಟ್ಟಿದ ಒಂದು ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಅದನ್ನೇ ನಿಮ್ಮ ಮುಂದೆ ಇಡುತ್ತೇನೆ.

ಮೊದಲು ನಿಮಗೆಲ್ಲ ಗೊತ್ತಿರುವ ಅನುಭವದಿಂದ ಶುರು ಮಾಡೋಣ. ಥಾಣೆಯಲ್ಲಿ ವಾಶಿ ಲೋಕಲ್ ಹತ್ತಿ ಕಿಟಕಿ ಪಕ್ಕ ಸೀಟು ಸಿಕ್ಕಿದೆ. ಪಕ್ಕದ ಹಳಿಯಲ್ಲಿ ಇನ್ನೊಂದು ರೈಲು ನಿಂತಿದೆ. ಇದ್ದಕ್ಕಿದ್ದಂತೆ ನಮ್ಮ ಗಾಡಿ ಮೆಲ್ಲಗೆ ಹೊರಟಿತು ಅನ್ನಿಸುತ್ತದೆ. ಮೈ ಕೂಡ ಒಂದಿಷ್ಟು ಮುಂದಕ್ಕೆ ಜಗ್ಗಿದ ಹಾಗೆ. ಆ ರೈಲಿನ ಕೊನೆಯ ಡಬ್ಬಿ ಕಿಟಕಿಯಿಂದ ಸರಿದ ಮೇಲೆ ನೋಡಿದರೆ ಪ್ಲಾಟ್‌ಫಾರ್ಮಿನ ಕಂಬ ಇದ್ದಲ್ಲೇ ಇದೆ, ನಾವೂ ಇದ್ದಲ್ಲೇ ಇದ್ದೇವೆ. ಹೋದದ್ದು ಅದು. ಇಲ್ಲಿ ಕಣ್ಣು ಸುಳ್ಳು ಹೇಳಲಿಲ್ಲ. ಎರಡು ಗಾಡಿಗಳ ನಡುವೆ ಸರಿದಾಟ ನಡೆದಿದೆ ಎಂಬ ಸುದ್ದಿಯನ್ನು ಅದು ಸರಿಯಾಗಿಯೇ ಮುಟ್ಟಿಸಿತು. ಆ ಸರಿದಾಟವನ್ನು ಯಾರ ಲೆಕ್ಕಕ್ಕೆ ಬರೆಯಬೇಕು ಎಂದು ನಿರ್ಧರಿಸಿದ್ದು ಮೆದುಳು. ನೋಟದ ತುಂಬ ಒಂದೇ ವಸ್ತು ಸರಿದರೆ, ಲೋಕ ನಿಂತಿದೆ, ನಾನೇ ಚಲಿಸುತ್ತಿದ್ದೇನೆ ಎಂದು ತೀರ್ಪು ಕೊಡುವುದು ಅದರ ಹಳೆಯ ರೂಢಿ. ಮನುಷ್ಯ ಕಾಡಿನಲ್ಲಿ ನಡೆದಾಡುತ್ತಿದ್ದ ಕಾಲಕ್ಕೆ ಆ ತೀರ್ಪು ತಪ್ಪುತ್ತಲೇ ಇರಲಿಲ್ಲ. ಬೆಟ್ಟಗುಡ್ಡ ತಾನಾಗಿ ಎದ್ದು ಹೋಗುತ್ತದೆಯೇ?

ತೀರ್ಪು ಎಂಬ ಮಾತನ್ನು ನಾನು ಬೇಕೆಂದೇ ಬಳಸುತ್ತಿದ್ದೇನೆ. ಬಣ್ಣವಿದ್ದಂತೆ, ಆಕಾರವಿದ್ದಂತೆ ಚಲನೆಯೂ ಹೊರಗಿದೆ, ಕಣ್ಣು ತೆರೆದರೆ ಒಳಗೆ ಬರುತ್ತದೆ ಎಂದು ನಾವು ತಿಳಿದಿರುತ್ತೇವೆ. ಹಾಗಿಲ್ಲ ಎಂಬುದನ್ನು ಒಬ್ಬ ಹೆಂಗಸಿನ ಕಷ್ಟ ವಿಜ್ಞಾನಕ್ಕೆ ತೋರಿಸಿಕೊಟ್ಟಿತು. ವೈದ್ಯ ಸಾಹಿತ್ಯದಲ್ಲಿ ಆಕೆಯ ಹೆಸರು ಎಲ್.ಎಂ. ಎಂಬ ಎರಡೇ ಅಕ್ಷರ. 1978ರಲ್ಲಿ ಆಕೆಯ ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ, ತಲೆಯ ಹಿಂಬದಿಯ ಎರಡೂ ಪಕ್ಕದ ಭಾಗಗಳಿಗೆ ಪೆಟ್ಟಾಯಿತು. ಯೋಸೆಫ್ ಸೀಲ್ ಮತ್ತು ಸಂಗಡಿಗರು ಮ್ಯೂನಿಕ್‌ನಲ್ಲಿ ಆಕೆಯನ್ನು ಪರೀಕ್ಷಿಸಿ 1983ರಲ್ಲಿ ವರದಿ ಪ್ರಕಟಿಸಿದರು. ಆಕೆ ಅಕ್ಷರ ಓದಬಲ್ಲಳು, ಬಣ್ಣ ಗುರುತಿಸಬಲ್ಲಳು, ಮುಖ ಗುರುತಿಸಬಲ್ಲಳು. ಚಲನೆ ಮಾತ್ರ ಕಾಣದು.

ಅದು ಎಂಥ ಬದುಕು ಎಂದು ಸ್ವಲ್ಪ ನಿಂತು ಯೋಚಿಸಿ. ಲೋಟಕ್ಕೆ ಚಹಾ ಬಗ್ಗಿಸುತ್ತಾಳೆ. ಕೆಟಲಿನ ಬಾಯಿಂದ ಇಳಿಯುವ ಧಾರೆ ಹಿಮಗಡ್ಡೆಯ ಹಾಗೆ ಗಾಳಿಯಲ್ಲಿ ನಿಂತಿದೆ. ಲೋಟದಲ್ಲಿ ಚಹಾ ಏರುತ್ತಿರುವುದು ಕಾಣುವುದಿಲ್ಲವಾದ್ದರಿಂದ ಯಾವಾಗ ನಿಲ್ಲಿಸಬೇಕೆಂದು ತಿಳಿಯದು. ಉಕ್ಕಿ ಮೇಜಿನ ಮೇಲೆ ಹರಿದ ಮೇಲೆಯೇ ಗೊತ್ತಾಗುವುದು. ಎದುರಿಗಿರುವವರ ತುಟಿ ಆಡುವುದು ಕಾಣದೆ ಮಾತುಕತೆ ಕಷ್ಟವಾಯಿತು. ಒಂದು ಕೋಣೆಯಲ್ಲಿ ಇಬ್ಬರಿಗಿಂತ ಹೆಚ್ಚು ಜನ ಓಡಾಡುತ್ತಿದ್ದರೆ ಆಕೆ ಗಾಬರಿಯಾಗಿ ಎದ್ದು ಹೋಗುತ್ತಿದ್ದಳು. ಈಗ ಇಲ್ಲಿದ್ದವರು ಮರುಕ್ಷಣ ಅಲ್ಲಿರುತ್ತಾರೆ, ನಡುವೆ ನಡೆದದ್ದೇ ಇಲ್ಲ. ಎಲ್ಲಕ್ಕಿಂತ ಭಯಂಕರವಾದದ್ದು ರಸ್ತೆ ದಾಟುವುದು. ದೂರದಲ್ಲಿದ್ದ ಕಾರು, ಹೆಜ್ಜೆ ಇಡುವಷ್ಟರಲ್ಲಿ ಮೈಮೇಲೆ. ಕೊನೆಗೆ ಆಕೆ ಕಿವಿಯನ್ನು ನೆಚ್ಚಿದಳು. ಎಂಜಿನ್ನಿನ ಸದ್ದು ಜೋರಾಗುವುದನ್ನು ಕೇಳಿ ವಾಹನದ ದೂರ ಅಳೆಯುವುದನ್ನು ಕಲಿತಳು.

ಚಲನೆಯನ್ನು ಕಾಣುವುದೇ ಒಂದು ಬೇರೆ ಶಕ್ತಿ, ಅದಕ್ಕೆ ಮೆದುಳಿನಲ್ಲಿ ಬೇರೆಯದೇ ನೆಲೆ ಇದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆ ನೆಲೆ ಎಲ್ಲಿದೆ ಎಂಬುದು ಅದಕ್ಕೆ ಮೊದಲೇ ಕೋತಿಗಳ ಮೆದುಳಿನಲ್ಲಿ ಸಿಕ್ಕಿತ್ತು. 1970ರ ದಶಕದ ಆರಂಭದಲ್ಲಿ ಲಂಡನ್ನಿನ ಸೆಮೀರ್ ಝೆಕಿ ಮತ್ತು ಅಮೆರಿಕದ ಜಾನ್ ಆಲ್ಮನ್, ಜಾನ್ ಕಾಸ್ ಗುರುತಿಸಿದ ಒಂದು ಸಣ್ಣ ಪ್ರದೇಶ ಅದು. ಕೆಲವರು ಅದನ್ನು ವಿ-5 ಅನ್ನುತ್ತಾರೆ, ಕೆಲವರು ಎಂಟಿ ಅನ್ನುತ್ತಾರೆ. ನಿಮ್ಮ ಕಿವಿಯ ಹಿಂದೆ, ಸ್ವಲ್ಪ ಮೇಲಕ್ಕೆ ಕೈಯಿಟ್ಟರೆ ಹೆಚ್ಚುಕಡಿಮೆ ಅದರ ಹತ್ತಿರ ಬಂದ ಹಾಗೆ. ಅಲ್ಲಿನ ಬಹುಪಾಲು ನರಕೋಶಗಳಿಗೆ ವಸ್ತುವಿನ ಬಣ್ಣ ಮುಖ್ಯವಲ್ಲ. ಅದು ಯಾವ ದಿಕ್ಕಿಗೆ ಹೋಗುತ್ತಿದೆ ಎಂಬುದು ಮುಖ್ಯ. ಒಂದು ಕೋಶ ಬಲಕ್ಕೆ ಹೋಗುವುದಕ್ಕೆ ಚುರುಕಾದರೆ, ಇನ್ನೊಂದು ಎಡಕ್ಕೆ, ಮತ್ತೊಂದು ಮೇಲಕ್ಕೆ.

ಈ ಸುದ್ದಿ ಅಲ್ಲಿಗೆ ತಲುಪುವ ಹಾದಿಯ ಮೊದಲ ಗುಟ್ಟು ಸಿಕ್ಕಿದ್ದು ಆಕಸ್ಮಿಕವಾಗಿ. 1958ರಲ್ಲಿ ಡೇವಿಡ್ ಹ್ಯೂಬೆಲ್, ಟಾರ್ಸ್ಟೆನ್ ವೀಸೆಲ್ ಇಬ್ಬರೂ ಬೆಕ್ಕಿನ ಮೆದುಳಿನ ಒಂದು ಕೋಶದ ಪಕ್ಕಕ್ಕೆ ತಂತಿ ಇಳಿಸಿ, ಗಾಜಿನ ಪಟ್ಟಿಯ ಮೇಲಿನ ಕಪ್ಪು ಚುಕ್ಕೆಯನ್ನು ಬೆಕ್ಕಿಗೆ ತೋರಿಸುತ್ತ ಗಂಟೆಗಟ್ಟಲೆ ಕುಳಿತಿದ್ದರು. ಕೋಶ ಸುಮ್ಮನಿತ್ತು. ಪಟ್ಟಿಯನ್ನು ಯಂತ್ರಕ್ಕೆ ಸೇರಿಸುವಾಗ ಅದರ ಅಂಚಿನ ತೆಳ್ಳನೆಯ ನೆರಳು ಪರದೆಯ ಮೇಲೆ ಸರಿಯಿತು ನೋಡಿ, ಕೋಶ ಪಟಪಟನೆ ಸದ್ದು ಮಾಡತೊಡಗಿತು. ಅದಕ್ಕೆ ಚುಕ್ಕೆ ಬೇಕಿರಲಿಲ್ಲ, ಒಂದು ಓರೆಯಲ್ಲಿ ಸರಿಯುವ ಗೆರೆ ಬೇಕಿತ್ತು. ಅಲ್ಲಿಂದ ಬೆಳೆದ ಕೆಲಸಕ್ಕೆ 1981ರಲ್ಲಿ ಅವರಿಗೆ ನೊಬೆಲ್ ಬಂತು.

ಆದರೆ ಸರಿಯುವ ಗೆರೆಯನ್ನು ಹಿಡಿದರೆ ಕೆಲಸ ಮುಗಿಯಲಿಲ್ಲ. ಒಂದು ಕೋಶಕ್ಕೆ ಕಾಣುವುದು ಬೀಗದ ತೂತಿನಲ್ಲಿ ಇಣುಕಿದಷ್ಟೇ ಲೋಕ. ತೂತಿನಲ್ಲಿ ನೋಡುವವನಿಗೆ ಓರೆಗೆರೆ ಕೆಳಗಿಳಿದರೂ ಒಂದೇ, ಪಕ್ಕಕ್ಕೆ ಸರಿದರೂ ಒಂದೇ. ಇಂಥ ನೂರಾರು ತೂತುಗಳ ಸಾಕ್ಷ್ಯವನ್ನು ಒಟ್ಟುಗೂಡಿಸಿ, ಇದು ಒಂದೇ ವಸ್ತು, ಇದು ಈ ದಿಕ್ಕಿಗೆ ಹೋಗುತ್ತಿದೆ ಎಂದು ಹೇಳುವ ನ್ಯಾಯಪೀಠ ಆ ವಿ-5. ವಿಲಿಯಂ ನ್ಯೂಸಮ್ ಮತ್ತು ಸಂಗಡಿಗರು 1990ರಲ್ಲಿ ಇದನ್ನು ನೇರವಾಗಿಯೇ ತೋರಿಸಿದರು. ಪರದೆಯ ಮೇಲೆ ದಿಕ್ಕುದೆಸೆಯಿಲ್ಲದೆ ಚಡಪಡಿಸುವ ಚುಕ್ಕೆಗಳು. ಅವುಗಳಲ್ಲಿ ಕೆಲವು ಮಾತ್ರ ಒಂದು ದಿಕ್ಕಿಗೆ ಹೋಗುತ್ತವೆ. ಯಾವ ದಿಕ್ಕಿಗೆ ಎಂದು ಕೋತಿ ಕಣ್ಣಾಡಿಸಿ ಹೇಳಬೇಕು. ಎಂಟಿಯಲ್ಲಿ ಒಂದು ದಿಕ್ಕಿನ ಕೋಶಗಳ ಗುಂಪಿಗೆ ಅತಿ ಸಣ್ಣ ವಿದ್ಯುತ್ ಹರಿಸಿದಾಗ ಕೋತಿಯ ಉತ್ತರ ಆ ದಿಕ್ಕಿಗೇ ವಾಲಿತು. ಪರದೆಯ ಮೇಲೆ ಏನೂ ಬದಲಾಗಿರಲಿಲ್ಲ, ತೀರ್ಪು ಬದಲಾಗಿತ್ತು.

ನಮ್ಮ ದೇಶದ ಒಂದು ಕೆಲಸವನ್ನೂ ಇಲ್ಲಿ ನೆನೆಯಬೇಕು. ಪವನ್ ಸಿನ್ಹಾ ಅವರ ಪ್ರಾಜೆಕ್ಟ್ ಪ್ರಕಾಶ್‌ನಲ್ಲಿ, ಹುಟ್ಟಿನಿಂದ ಸರಿಯಾಗಿ ಕಾಣದೆ ಬೆಳೆದು, ವರ್ಷಗಳ ನಂತರ ಚಿಕಿತ್ಸೆಯಿಂದ ದೃಷ್ಟಿ ಪಡೆದವರನ್ನು ಪರೀಕ್ಷಿಸಿದರು. ಒಂದರ ಮೇಲೊಂದು ಬಿದ್ದಿರುವ ಎರಡು ಆಕೃತಿಗಳನ್ನು ತೋರಿಸಿದರೆ ಅವರಿಗೆ ಎರಡೆಂದು ತಿಳಿಯುತ್ತಿರಲಿಲ್ಲ, ಬರೀ ಗೆರೆ-ತುಂಡುಗಳ ರಾಶಿ. ಆಕೃತಿಗಳು ಅಲುಗಾಡಿದರೆ ತಕ್ಷಣ ಬೇರೆಯಾಗಿ ಕಂಡವು. 2009ರಲ್ಲಿ ಇದು ಪ್ರಕಟವಾಯಿತು. ಒಟ್ಟಿಗೆ ಚಲಿಸುವುದು ಒಂದೇ ವಸ್ತು ಎಂಬುದು ಮೆದುಳು ಕಲಿಯುವ ಮೊದಲ ಪಾಠಗಳಲ್ಲೊಂದು. ತೊಟ್ಟಿಲ ಮೇಲೆ ಗಿಲಕಿ ಅಲ್ಲಾಡಿಸುವ ನಮ್ಮ ಅಜ್ಜಿಯಂದಿರು ತಿಳಿದೋ ತಿಳಿಯದೆಯೋ ಇದನ್ನೇ ಕಲಿಸುತ್ತಿದ್ದರು ಎಂದು ನನಗನ್ನಿಸುತ್ತದೆ.

ಈ ನ್ಯಾಯಪೀಠಕ್ಕೆ ದಣಿವೂ ಇದೆ. ಮಳೆಗಾಲದಲ್ಲಿ ಜೋಗಕ್ಕೆ ಹೋದವರು ಒಂದು ಪರೀಕ್ಷೆ ಮಾಡಿ. ಧುಮುಕುವ ನೀರಿನ ಒಂದೇ ಜಾಗವನ್ನು ಒಂದು ನಿಮಿಷ ಕಣ್ಣು ಕದಲಿಸದೆ ನೋಡಿ. ಆಮೇಲೆ ಪಕ್ಕದ ಬಂಡೆಯ ಮೇಲೆ ದೃಷ್ಟಿ ಇಡಿ. ಬಂಡೆ ಮೆಲ್ಲಗೆ ಮೇಲಕ್ಕೆ ಏರುತ್ತದೆ! ಏರುತ್ತಿದ್ದರೂ ಇದ್ದಲ್ಲೇ ಇರುತ್ತದೆ, ಅದೇ ವಿಚಿತ್ರ. 1834ರಲ್ಲಿ ರಾಬರ್ಟ್ ಆಡಮ್ಸ್ ಸ್ಕಾಟ್ಲೆಂಡಿನ ಫಾಯರ್ಸ್ ಜಲಪಾತದ ಎದುರು ಇದನ್ನು ಕಂಡು ಬರೆದ. ಕೆಳಗಿಳಿಯುವುದನ್ನು ಹೇಳುವ ಕೋಶಗಳು ನಿಮಿಷವಿಡೀ ದುಡಿದು ಸೋತಿವೆ, ಮೇಲೇರುವುದನ್ನು ಹೇಳುವವು ತಾಜಾ ಇವೆ. ನಿಂತ ಬಂಡೆಯ ಮೇಲೆ ತಕ್ಕಡಿ ಆ ಕಡೆ ವಾಲುತ್ತದೆ.

ಏನೂ ಚಲಿಸದಿದ್ದಾಗಲೂ ಮೆದುಳು ಚಲನೆ ಕಾಣಬಲ್ಲದು ಎಂಬುದಕ್ಕೆ ಸಿನಿಮಾ ಸಾಕ್ಷಿ; ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. 1896ರ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಲ್ಯೂಮಿಯೇರ್ ಸಹೋದರರ ಚಿತ್ರಗಳನ್ನು ತೋರಿಸಿದಾಗ ಜನ ನೋಡಿದ್ದು ನಿಂತ ಚಿತ್ರಗಳ ಸಾಲನ್ನು. ಕಣ್ಣಿನಲ್ಲಿ ಬಿಂಬ ಸ್ವಲ್ಪ ಹೊತ್ತು ಉಳಿಯುವುದರಿಂದ ಚಲನೆ ಕಾಣುತ್ತದೆ ಎಂದು ಶಾಲಾ ಪುಸ್ತಕಗಳಲ್ಲಿ ನಾವೆಲ್ಲ ಓದಿದ್ದೇವೆ. ಆ ವಿವರಣೆ ಸಾಲದು. ಬಿಂಬ ಉಳಿದರೆ ಚಿತ್ರದ ಮೇಲೆ ಚಿತ್ರ ಬಿದ್ದು ಕಲಸಿಹೋಗುತ್ತದೆ, ಅಷ್ಟೆ. ಇಲ್ಲಿದ್ದದ್ದು ಅಲ್ಲಿಗೆ ಹೋಯಿತು ಎಂದು ನಡುವಿನ ದಾರಿಯನ್ನು ತುಂಬಿಕೊಡುವುದು ಮೆದುಳು ಎಂಬುದನ್ನು 1912ರಲ್ಲಿ ಮ್ಯಾಕ್ಸ್ ವರ್ಟ್‌ಹೈಮರ್ ಪ್ರಯೋಗ ಮಾಡಿ ತೋರಿಸಿದ.

ಈಗ ನನ್ನ ಲೇತಿಗೆ ಬರುತ್ತೇನೆ.

ನಮ್ಮ ವರ್ಕ್‌ಶಾಪಿನಲ್ಲಿ ಎಂಟು ಲೇತುಗಳ ಸಾಲು, ಮೇಲೆ ಟ್ಯೂಬ್‌ಲೈಟುಗಳ ಸಾಲು. ನಮ್ಮಲ್ಲಿ ಕರೆಂಟು ಸೆಕೆಂಡಿಗೆ 50 ಬಾರಿ ಹಿಂದೆ ಮುಂದೆ ಆಗುತ್ತದೆ, ಆದ್ದರಿಂದ ಚೋಕ್ ಹಾಕಿದ ಹಳೆಯ ಟ್ಯೂಬು ಸೆಕೆಂಡಿಗೆ 100 ಬಾರಿ ಮಂಕಾಗಿ ಮತ್ತೆ ಬೆಳಗುತ್ತದೆ. ಅಷ್ಟು ವೇಗ ನಮ್ಮ ಅರಿವಿಗೆ ಬರುವುದಿಲ್ಲ, ಬೆಳಕು ಸ್ಥಿರವಾಗಿದೆ ಅಂದುಕೊಳ್ಳುತ್ತೇವೆ. ಈಗ ಲೇತಿನಲ್ಲಿ ಕಬ್ಬಿಣದ ತುಂಡನ್ನು ಕಚ್ಚಿ ಹಿಡಿದು ತಿರುಗುವ, ಮೂರು ಜಾ (ದವಡೆ) ಇರುವ ಚಕ್ ನಿಮಿಷಕ್ಕೆ 2000 ಸುತ್ತು ತಿರುಗುತ್ತಿದೆ ಅನ್ನಿ. ಸೆಕೆಂಡಿಗೆ ಸುಮಾರು 33 ಸುತ್ತು, ಒಂದು ಸುತ್ತಿಗೆ ಮೂರು ಜಾ, ಅಂದರೆ ಸೆಕೆಂಡಿಗೆ ನೂರು ಜಾ. ಒಂದು ಜಾ ಇದ್ದ ಜಾಗಕ್ಕೆ ಇನ್ನೊಂದು ಜಾ ಬರುವ ಹೊತ್ತಿಗೆ ಸರಿಯಾಗಿ ಟ್ಯೂಬು ಮತ್ತೆ ಬೆಳಗುತ್ತದೆ. ಪ್ರತಿ ಬೆಳಗಿನಲ್ಲೂ ಅದೇ ಚಿತ್ರ. ಮೆದುಳಿಗೆ ಸಿಕ್ಕ ಸಾಕ್ಷ್ಯವೆಲ್ಲ ಒಂದೇ ಮಾತು ಹೇಳುತ್ತದೆ: ಚಕ್ ನಿಂತಿದೆ. ನಾಲ್ಕು ಜಾ ಚಕ್ ಆದರೆ 1500 ಸುತ್ತಿಗೇ ಹೀಗಾಗುತ್ತದೆ. ವೇಗ ಸ್ವಲ್ಪ ಕಡಿಮೆಯಿದ್ದರೆ ಚಕ್ ಹಿಂದಕ್ಕೆ ಮೆಲ್ಲಗೆ ತಿರುಗುವಂತೆ ಕಾಣುತ್ತದೆ.

ಒಂದು ಸಂಜೆ ಪಾಳಿಯಲ್ಲಿ, ಊರಿಂದ ಬಂದು ತಿಂಗಳಾಗಿದ್ದ ಹುಡುಗನೊಬ್ಬ ಪಕ್ಕದ ಮಷಿನ್ ನಿಂತಿದೆ ಎಂದು ತಿಳಿದು, ಚಕ್ ಒರೆಸಲು ಕಾಟನ್ ವೇಸ್ಟ್ ಹಿಡಿದು ಕೈ ಚಾಚಿದ. ಎಂಟು ಮಷಿನುಗಳ ಗದ್ದಲದಲ್ಲಿ ಅದೊಂದರ ಸದ್ದು ಬೇರೆಯಾಗಿ ಕೇಳುವಂತಿರಲಿಲ್ಲ. ಎಲ್.ಎಂ.ಗೆ ಕಿವಿಯಾದರೂ ಇತ್ತು, ಇವನಿಗೆ ಅದೂ ಇರಲಿಲ್ಲ. ಮೇಸ್ತ್ರಿ ಹಿಂದಿನಿಂದ ಅಂಗಿಯ ಕಾಲರ್ ಹಿಡಿದು ಎಳೆದರು. ಕಾಟನ್ ವೇಸ್ಟ್ ಚಕ್ಕಿಗೆ ಸಿಕ್ಕಿ ಒಂದೇ ಸೆಳೆತಕ್ಕೆ ಮಾಯವಾದದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಹುಡುಗನ ಕೈ ಉಳಿಯಿತು. ನನಗೂ ಆ ಕ್ಷಣ ಚಕ್ ನಿಂತ ಹಾಗೇ ಕಂಡಿತ್ತು. ತಿರುಗುವುದು ಕಣ್ಣೆದುರೇ ಇದ್ದರೂ ಕಾಣಲಿಲ್ಲವೇಕೆ ಎಂಬುದೇ ನಾನು ಮೊದಲು ಹೇಳಿದ ಪ್ರಶ್ನೆ.

ಮರುದಿನ ಮೇಸ್ತ್ರಿ ಇಲೆಕ್ಟ್ರಿಷಿಯನ್ನನ್ನು ಕರೆಸಿ, ಒಂದೇ ಫೇಸಿನ ಮೇಲಿದ್ದ ಟ್ಯೂಬುಗಳನ್ನು ಮೂರು ಫೇಸಿಗೆ ಹಂಚಿಸಿದರು. ಒಂದು ಟ್ಯೂಬು ಮಂಕಾದಾಗ ಪಕ್ಕದ್ದು ಬೆಳಗುತ್ತಿರುತ್ತದೆ, ಮಾಯೆ ಒಡೆಯುತ್ತದೆ. ಅವರು ಏಳನೆಯ ತರಗತಿ ಓದಿದವರು. ನ್ಯೂಸಮ್, ಝೆಕಿ ಯಾರೂ ಅವರಿಗೆ ಗೊತ್ತಿರಲಿಲ್ಲ, ಆದರೆ ಕಣ್ಣನ್ನು ಎಲ್ಲಿ ನಂಬಬಾರದು ಎಂಬುದು ಗೊತ್ತಿತ್ತು. ಇಂದು ಇಲೆಕ್ಟ್ರಾನಿಕ್ ಚೋಕ್ ಬಂದು ಈ ತೊಂದರೆ ಬಹಳ ಮಟ್ಟಿಗೆ ತಪ್ಪಿದೆ. ಆದರೆ ಅಗ್ಗದ ಎಲ್‌ಇಡಿ ಬಲ್ಬುಗಳಲ್ಲಿ ಕೆಲವು ಅದೇ ನೂರರ ಲೆಕ್ಕದಲ್ಲಿ ಮಿನುಗುತ್ತವೆ, ಹಳೆಯ ಟ್ಯೂಬಿಗಿಂತ ಜೋರಾಗಿ. ಮೊಬೈಲಿನ ಕ್ಯಾಮೆರಾದಲ್ಲಿ ನೋಡಿದಾಗ ಬೆಳಕಿನಲ್ಲಿ ಪಟ್ಟೆ ಪಟ್ಟೆ ಓಡಿದರೆ ಅನುಮಾನಿಸಿ.

ಕೊನೆಯದಾಗಿ, ನಾನು ಇವತ್ತು ಎಲ್ಲಕ್ಕಿಂತ ಮುಖ್ಯವಾಗಿ ಹೇಳಬೇಕಾದ ವಿಷಯ. ಅಡ್ಡಡ್ಡ ಹೋಗುವುದನ್ನು ಮೆದುಳು ಚೆನ್ನಾಗಿ ಅಳೆಯುತ್ತದೆ. ನೇರ ನಮ್ಮ ಕಡೆಗೆ ಬರುವುದನ್ನು ಅಳೆಯುವುದರಲ್ಲಿ ಅದು ದುರ್ಬಲ. ಏಕೆಂದರೆ ನೇರ ಬರುವುದು ಪಕ್ಕಕ್ಕೆ ಸರಿಯುವುದಿಲ್ಲ, ಇದ್ದಲ್ಲೇ ದೊಡ್ಡದಾಗುತ್ತದೆ. ಎಷ್ಟು ಬೇಗ ದೊಡ್ಡದಾಗುತ್ತದೆ ಎಂಬುದೇ ಮುಖ್ಯ ಸುಳಿವು.

ನಮ್ಮ ಲೋಕಲ್ ಡಬ್ಬಿಯ ಅಗಲ ಸುಮಾರು 3.66 ಮೀಟರ್. ಗಂಟೆಗೆ 80 ಕಿಲೋಮೀಟರ್ ವೇಗ ಅನ್ನಿ, ಸೆಕೆಂಡಿಗೆ 22 ಮೀಟರ್. ಹಳಿಯ ಮೇಲೆ ನಿಂತವನಿಗೆ 400 ಮೀಟರ್ ದೂರದ ರೈಲಿನ ಮುಖ ಹುಣ್ಣಿಮೆ ಚಂದ್ರನಷ್ಟು ಅಗಲ ಕಾಣುತ್ತದೆ. ಒಂಬತ್ತು ಸೆಕೆಂಡು ಕಳೆದ ಮೇಲೆ, 200 ಮೀಟರಿನಲ್ಲಿ, ಎರಡು ಚಂದ್ರನಷ್ಟು. ಅಷ್ಟು ಹೊತ್ತಿನಲ್ಲಿ ಒಂದು ಚಂದ್ರನಷ್ಟು ಬೆಳೆಯುವುದನ್ನು ಮೆದುಳು ಚಲನೆ ಎಂದೇ ಗಣಿಸುವುದು ಕಷ್ಟ. ದೂರ ಇದೆ, ನಿಧಾನ ಬರುತ್ತಿದೆ ಅನ್ನಿಸುತ್ತದೆ. ಮುಂದಿನ ನಾಲ್ಕೂವರೆ ಸೆಕೆಂಡಿನಲ್ಲಿ ನಾಲ್ಕು ಚಂದ್ರನಷ್ಟು. ಆಮೇಲೆ ಎರಡೇಕಾಲು ಸೆಕೆಂಡಿನಲ್ಲಿ ಎಂಟು. ಮತ್ತೆ ಒಂದು ಸೆಕೆಂಡು ಚಿಲ್ಲರೆಯಲ್ಲಿ ಹದಿನಾರು. ಆಗ ರೈಲು 25 ಮೀಟರ್ ದೂರದಲ್ಲಿದೆ, ಉಳಿದದ್ದು ಒಂದು ಸೆಕೆಂಡು. ಇನ್ನು ಲೆಕ್ಕ ಹಾಕಿ: ಎರಡು ಹಳಿಗಳ ಜಾಗವನ್ನು ಜಲ್ಲಿಕಲ್ಲಿನ ಮೇಲೆ ದಾಟಲು ನಡೆಯುವವನಿಗೆ ಎಂಟು ಸೆಕೆಂಡಾದರೂ ಬೇಕು. ದಾಟಬಹುದು ಎಂದು ಅವನು ತೀರ್ಮಾನಿಸುವುದು ರೈಲು ಎರಡು ಚಂದ್ರನಷ್ಟು ಕಾಣುವಾಗ ಅನ್ನಿ. ಆ ರೈಲು ಅವನಿರುವ ಜಾಗಕ್ಕೆ ಬರಲು ಇರುವುದು ಒಂಬತ್ತೇ ಸೆಕೆಂಡು. ಹಳಿ ದಾಟುವಾಗ ಸತ್ತವರನ್ನು ಅವಸರಗೇಡಿಗಳು, ಬುದ್ಧಿಯಿಲ್ಲದವರು ಎಂದು ಜರಿಯುವವರನ್ನು ಕೇಳಿದಾಗಲೆಲ್ಲ ನನಗೆ ನೋವಾಗುತ್ತದೆ. ಅವರಲ್ಲಿ ಎಷ್ಟೋ ಜನ ನೋಡಿಯೇ ದಾಟಿದವರು.

ಇದರ ಮೇಲೆ ಇನ್ನೊಂದು ಮೋಸವಿದೆ. ಹರ್ಷೆಲ್ ಲೈಬೊವಿಟ್ಜ್ ಎಂಬ ಮನೋವಿಜ್ಞಾನಿ 1985ರಲ್ಲಿ ಅಮೆರಿಕದ ರೈಲ್ವೆ ಗೇಟುಗಳ ಅಪಘಾತಗಳ ಬಗ್ಗೆ ಬರೆಯುತ್ತ, ದೊಡ್ಡ ವಸ್ತುಗಳು ಇರುವುದಕ್ಕಿಂತ ನಿಧಾನವಾಗಿ ಹೋಗುವಂತೆ ಕಾಣುತ್ತವೆ ಎಂದು ಎತ್ತಿ ತೋರಿಸಿದರು. ವಿಮಾನ ನಿಲ್ದಾಣದ ಹತ್ತಿರ ನಿಂತು ನೋಡಿ. ದೊಡ್ಡ ಜೆಟ್ ತೇಲಿಕೊಂಡು ಇಳಿದ ಹಾಗೆ, ಚಿಕ್ಕ ವಿಮಾನ ರಭಸದಿಂದ ಬಂದ ಹಾಗೆ ಕಾಣುತ್ತದೆ. ನಿಜದಲ್ಲಿ ದೊಡ್ಡದೇ ಹೆಚ್ಚು ವೇಗದಲ್ಲಿರುತ್ತದೆ.

ಈ ಅರಿವನ್ನು ಕೆಲಸಕ್ಕೆ ಹಚ್ಚಿದ್ದು ನಮ್ಮದೇ ಹಾರ್ಬರ್ ಲೈನಿನಲ್ಲಿ. 2010ರ ಹೊತ್ತಿಗೆ ಫೈನಲ್‌ಮೈಲ್ ಎಂಬ ಮುಂಬಯಿಯ ಸಂಸ್ಥೆ ಮಧ್ಯ ರೈಲ್ವೆಯ ಜತೆ ಸೇರಿ ವಡಾಲಾದಲ್ಲಿ ಒಂದು ಪ್ರಯೋಗ ಮಾಡಿತು. ಜನ ಹೆಚ್ಚಾಗಿ ದಾಟುವ ಜಾಗದ ಆಚೀಚೆ ಹಳಿಯ ಸ್ಲೀಪರುಗಳಿಗೆ ಬಿಟ್ಟು ಬಿಟ್ಟು ಹಳದಿ ಬಣ್ಣ ಬಳಿದರು. ಒಂದೇ ಬಣ್ಣದ ಜಲ್ಲಿ, ಒಂದೇ ಬಣ್ಣದ ಸ್ಲೀಪರುಗಳ ಮೇಲೆ ಬರುವ ರೈಲಿನ ವೇಗ ಅಳೆಯಲು ಮೆದುಳಿಗೆ ಗುರುತೇ ಇರುವುದಿಲ್ಲ. ಹಳದಿ ಪಟ್ಟೆಗಳನ್ನು ರೈಲು ಒಂದೊಂದಾಗಿ ನುಂಗುತ್ತ ಬಂದರೆ ವೇಗ ಕಣ್ಣಿಗೆ ಹೊಡೆಯುತ್ತದೆ. ಜತೆಗೆ, ರೈಲಿಗೆ ಸಿಕ್ಕುವ ಕ್ಷಣದ ಮನುಷ್ಯನ ಭಯಗೊಂಡ ಮುಖದ ಚಿತ್ರಗಳನ್ನು ಹಾಕಿದರು. ಒಂದು ಉದ್ದ ಸೀಟಿಯ ಬದಲು ಎರಡು ಚುಟುಕು ಸೀಟಿ ಊದುವಂತೆ ಮೋಟರ್‌ಮನ್‌ಗಳಿಗೆ ಹೇಳಿದರು. ಅಲ್ಲಿ ಸಾವು ಗಣನೀಯವಾಗಿ ಇಳಿಯಿತು. ಗೋಡೆ ಕಟ್ಟಲಿಲ್ಲ, ದಂಡ ಏರಿಸಲಿಲ್ಲ. ಮೆದುಳಿಗೆ ಬೇಕಿದ್ದ ಸಾಕ್ಷ್ಯ ಒದಗಿಸಿದರು. ಚಲನೆಯ ವಿಜ್ಞಾನ ಜೀವ ಉಳಿಸಿದ ಉದಾಹರಣೆ ಹುಡುಕಿ ನಾವು ಮ್ಯೂನಿಕ್‌ಗೆ ಹೋಗಬೇಕಿಲ್ಲ, ವಾಶಿಯಲ್ಲಿ ಸಿಎಸ್‌ಎಂಟಿ ಲೋಕಲ್ ಹತ್ತಿ ವಡಾಲಾ ತಲುಪಿದರೆ ಸಾಕು.

ಈ ಸಭೆಯಲ್ಲಿ ವರ್ಕ್‌ಶಾಪ್ ನಡೆಸುವವರಿದ್ದೀರಿ. ನಾಳೆ ಕೆಲಸಕ್ಕೆ ಹೋದಾಗ ತಿರುಗುವ ಮಷಿನುಗಳ ಮೇಲಿನ ದೀಪಗಳು ಯಾವ ಫೇಸಿನಲ್ಲಿವೆ, ಮಿನುಗುತ್ತವೆಯೇ ಎಂದು ಒಮ್ಮೆ ನೋಡಿಸಿ. ಖರ್ಚು ದೊಡ್ಡದಲ್ಲ. ಉಳಿದ ಎಲ್ಲರಲ್ಲೂ ನನ್ನದೊಂದು ಬೇಡಿಕೆ. ಬರುವ ಹುಣ್ಣಿಮೆಯಂದು ಮನೆಯ ಮಕ್ಕಳನ್ನು, ಊರಿಂದ ಹೊಸದಾಗಿ ಬಂದ ಹುಡುಗರನ್ನು ಟೆರೇಸಿಗೆ ಕರೆದುಕೊಂಡು ಹೋಗಿ. ಚಂದ್ರನನ್ನು ತೋರಿಸಿ ಹೇಳಿ: ಹಳಿಯ ಮೇಲೆ ರೈಲು ಇಷ್ಟೇ ಇಷ್ಟು ಕಂಡಾಗ ಅದು ನಿನ್ನನ್ನು ತಲುಪಲು ಹದಿನೆಂಟು ಸೆಕೆಂಡು ಸಾಕು; ಎಷ್ಟೇ ತಡವಾಗಲಿ, ಸೇತುವೆ ಹತ್ತಿಯೇ ಬಾ.